ಸರಸಕ್ಕ ಏನನ್ನೂ ಕೇಳುವುದಿಲ್ಲ

ಸರಸಕ್ಕ ಯಾರನ್ನೂ ಏನನ್ನೂ ಕೇಳುವುದಿಲ್ಲ. ಊಟ ಆಯಿತೇ ಎಂದು ಕೂಡ ಕೇಳುವುದಿಲ್ಲ ಎಂದರೆ ನೀವೇ ಯೋಚಿಸಿ! ನಮ್ಮ ಕಡೆ ಎದುರಿಗೆ ಸಿಕ್ಕ ಮನುಷ್ಯ ಊಟದ ಸುದ್ದಿ ಎತ್ತದೆ ಮುಂದೆ ಹೋದನೆಂದರೆ ಮನಸ್ಸಿನಲ್ಲಿ ಏನೋ ಸಿಟ್ಟಿದೆ ಎಂದೇ ಅರ್ಥ. ಆದರೆ ಸರಸಕ್ಕನ ಬಗ್ಗೆ ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಲಕ್ಷಾಂತರ ಅಡುಗೆಮನೆಗಳಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಅಂಗೈಯಗಲದ ಒಂದು ಡಬ್ಬಿಯೊಳಗೆ ಆಕೆ ಇದ್ದಳು. ಮಾತಿಗೆ ಕೂತವರ ಜೊತೆ ಅವರದೇ ಧಾಟಿಯಲ್ಲಿ ಮಾತಾಡುತ್ತಿದ್ದಳು.

ಆಕೆ ಯಂತ್ರ ಎಂಬುದೇನೂ ಮುಚ್ಚಿಟ್ಟ ವಿಷಯವಲ್ಲ. ಡಬ್ಬಿಯ ಮೇಲೆಯೇ ಬರೆದಿತ್ತು. ಜನ ಅದನ್ನು ಓದಿಯೇ ಮಾತಿಗೆ ಕೂರುತ್ತಿದ್ದರು. ಯಂತ್ರ ತಾನೇ, ಯಾರ ಮುಂದೆ ಹೋಗಿ ಆಡಿಕೊಂಡೀತು ಎಂಬ ಧೈರ್ಯ. ನೆಗೆಣ್ಣಿಗೆ ಹೇಳದ್ದು, ಗಂಡನಿಗೆ ಹೇಳದ್ದು, ಡಾಕ್ಟರ ಎದುರು ಕೂತಾಗ ಬಾಯಿಗೆ ಬಾರದ್ದು, ಎಲ್ಲ ಆ ಡಬ್ಬಿಯ ಮುಂದೆ ಸಲೀಸಾಗಿ ಹೊರಗೆ ಬರುತ್ತಿತ್ತು.

ಸರಸಕ್ಕನಿಗೆ ಮಾತು ಕಲಿಸಿದವಳು ನೀಲಗಂಗಾ. ಧಾರವಾಡದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಮಾಡಿಕೊಂಡಿದ್ದು, ಆಮೇಲೆ 'ನೆರೆಮನೆ' ಎಂಬ ಈ ಹುಬ್ಬಳ್ಳಿ ಕಂಪನಿಗೆ ಬಂದವಳು. ವಯಸ್ಸು ನಲವತ್ತು ದಾಟಿದೆ, ಮದುವೆಯ ಗೊಡವೆಗೆ ಹೋಗಿಲ್ಲ, ಸ್ವಲ್ಪ ಗರ್ವವಿದೆ. ಗರ್ವ ಪಡುವಂಥದ್ದನ್ನೇ ಅವಳು ಕಂಡುಹಿಡಿದಿದ್ದಳು, ಅದನ್ನೇಕೆ ಇಲ್ಲವೆನ್ನಲಿ? ಜನ ಯಾವಾಗ ಬಾಯಿ ಬಿಡುತ್ತಾರೆ ಎಂಬುದರ ಮೇಲೆ ಪಂಡಿತರು ರಾಶಿರಾಶಿ ಬರೆದಿದ್ದರೆ, ಇವಳಿಗೆ ಉತ್ತರ ಸಿಕ್ಕಿದ್ದು ಅವ್ವನ ಅಡುಗೆಮನೆಯಲ್ಲಿ. ನೆರೆಮನೆಯವರು ಬಟ್ಟಲಲ್ಲಿ ಏನಾದರೂ ಕೊಟ್ಟು ಕಳಿಸಿದರೆ ಅವ್ವ ಆ ಬಟ್ಟಲನ್ನು ಬರಿದು ಹಿಂತಿರುಗಿಸಿದ್ದೇ ಇಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುವಳು. ಮಾತೂ ಹೀಗೇ ಎಂದು ನೀಲಗಂಗಾಗೆ ಹೊಳೆಯಿತು. ಕೇಳಿದರೆ ಜನ ಕದ ಹಾಕಿಕೊಳ್ಳುತ್ತಾರೆ. ಕೇಳಬೇಡ, ನಿನ್ನದೊಂದು ಸಂಕಟವನ್ನು ಮೊದಲು ನೀನೇ ಹೇಳಿಕೋ. ನಿನ್ನನ್ನು ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸು ಬರುವುದಿಲ್ಲ.

ಡಬ್ಬಿ ಮನುಷ್ಯರ ಉಸಿರನ್ನು ಆಲಿಸುತ್ತಿತ್ತು. ಒಳಗೆ ಏನಾದರೂ ಇಟ್ಟುಕೊಂಡವರು ಮಾತಿನ ನಡುವೆ ಒಂದು ಕಡೆ ಉಸಿರು ಹಿಡಿಯುತ್ತಾರೆ, ಅರೆಗಳಿಗೆ ಮಾತ್ರ. ಆ ಜಾಗ ಸಿಕ್ಕಿತೆಂದರೆ ಸರಸಕ್ಕ ತನ್ನದೊಂದು ಕಟ್ಟುಕತೆಯ ದುಃಖವನ್ನು ಅಲ್ಲಿ ತಂದಿಡುವಳು. ಎದುರಿನವರ ಮನಸ್ಸು ಎಷ್ಟು ತೆರೆಯಿತೆಂದು ಕಂಪನಿಯ ಗೋಡೆಯ ಮೇಲೆ ಒಂದು ಗೆರೆ ಏರಿ ತೋರಿಸುವುದು. ಆ ಗೆರೆಗೆ 'ಸಲುಗೆ' ಎಂದು ಹೆಸರು. ಇದರ ಜೊತೆಗೆ ಒಂದು ಬೀಗ. "ಇದು ನಮ್ಮಿಬ್ಬರೊಳಗ ಇರಲಿ" ಎಂದರೆ ಸಾಕು, ಡಬ್ಬಿಯೊಳಗೆ ಕಟ್ಟನೆ ಬೀಗ ಬಿದ್ದ ಸದ್ದಾಗಿ ಮುಂದಿನ ಮಾತುಗಳೆಲ್ಲ ಅಳಿಸಿಹೋಗುತ್ತಿದ್ದವು. ಈ ಬೀಗವೂ ನೀಲಗಂಗಾಳದೇ. ಬೀಗದ ಸದ್ದು ಕೇಳಿದ ಮೇಲೆ ಜನ ಇಮ್ಮಡಿ ಮಾತಾಡುತ್ತಾರೆಂದು ಅವಳು ಪ್ರಯೋಗ ಮಾಡಿ ತೋರಿಸಿದ್ದಳು. ಕೀಲಿಕೈ ತನ್ನ ಹತ್ತಿರವೇ ಇದೆ ಎನ್ನಿಸಿದ ಮೇಲೆ ಮನುಷ್ಯನಿಗೆ ಅಂಜಿಕೆಯೇ ಇರುವುದಿಲ್ಲ.

ಆ ದಿನ ಬೆಳಿಗ್ಗೆ ಧಾರವಾಡದ ಸಪ್ತಾಪುರದ ಮನೆಯಿಂದ ಹೊರಡುವಾಗ ನೀಲಗಂಗಾ ಚಪ್ಪಲಿ ಮೆಟ್ಟಿಕೊಂಡೇ ಮತ್ತೆ ಒಳಗೆ ಬಂದು ಅವ್ವನಿಗೆ ಹೇಳಿದ್ದಳು.

"ಯಾರ ಫೋನ್ ಬಂದ್ರೂ ಎತ್ತಬ್ಯಾಡ ಅವ್ವಾ. ನಂದು ಬಂದ್ರೂ ಎತ್ತಬ್ಯಾಡ. ನಿನ್ನ ಮಗ ಚನ್ನು ಮಾತಿಗೆ ಎಳದ್ರ ನಿನ್ನ ಬಾಯಾಗಿಂದ ಏನರ ಬಿದ್ದೀತು."

"ಏ ಹೋಗ! ನಿಮ್ಮಪ್ಪ ಕದ್ದು ಬೀಡಿ ಸೇದೂದನ್ನ ನಮ್ಮ ಮಾವಗ ಸಾಯೂತನಕ ಗೊತ್ತಾಗಗೊಟ್ಟಿಲ್ಲ ನಾ. ನನಗ ಬಾಯಿ ಮುಚ್ಚೂದು ಕಲಸಾಕ ಬಂದಾಳ ಇಕಿ," ಎಂದು ಫಕೀರವ್ವ ಸೆರಗು ಕೊಡವಿದ್ದಳು.

ಒಳಕೋಣೆಯ ಬಾಗಿಲಲ್ಲಿ ಸಂಪದಾ ನಿಂತಿದ್ದಳು. ನೀಲಗಂಗಾಳ ತಮ್ಮ ಚನ್ನವೀರನ ಒಬ್ಬಳೇ ಮಗಳು. ಗದಗಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಯಮನೂರ ಎಂಬ ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ವಾರ ತುಂಬುವುದರೊಳಗೆ ಚನ್ನವೀರನ ಹೆಂಡತಿಯ ಅಣ್ಣಂದಿರು ಆ ಹುಡುಗನ ಕಾಲು ಮುರಿದಿದ್ದರು. ಎರಡನೆಯ ಸಲ ಸಿಕ್ಕರೆ ಜೀವ ಉಳಿಸುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅವನನ್ನು ಎಲ್ಲಿ ಮಲಗಿಸಿದ್ದಾರೆ ಎಂಬುದು ಸಂಪದಾಗೆ ಮಾತ್ರ ಗೊತ್ತು. ಇಬ್ಬರೂ ಒಂದೇ ಕಡೆ ಇದ್ದರೆ ಸಿಕ್ಕಿಬೀಳುತ್ತೇವೆಂದು ಅವಳು ಬೇರೆಯಾಗಿ ಬಂದು ಸೋದರತ್ತೆಯ ಮನೆ ಸೇರಿದ್ದಳು. ಅಪ್ಪ ತನ್ನನ್ನು ಹಿಡಿದರೆ ಮಾವಂದಿರು ತನ್ನ ಬಾಯಿ ಬಿಡಿಸಿ ಅವನ ಹತ್ತಿರ ಹೋಗುತ್ತಾರೆ ಎಂಬುದೊಂದೇ ಅವಳ ಹೆದರಿಕೆ. ಫೋನನ್ನು ಬಂದ್ ಮಾಡಿ ಹಳ್ಳಕ್ಕೆ ಎಸೆದೇ ಬಂದಿದ್ದಳು.

ಚನ್ನವೀರ ಒಮ್ಮೆ ಇಲ್ಲಿಗೂ ಬಂದಿದ್ದ. ಕಣ್ಣಿನ ಆಪರೇಷನ್ನಿಗೆಂದು ಬಂದು ಉಳಿದಿದ್ದ ಅವ್ವನನ್ನು ನೋಡುವ ನೆವದಲ್ಲಿ ಮನೆಯೆಲ್ಲ ಕಣ್ಣಾಡಿಸಿ, ಚಹಾ ಕುಡಿದು ಹೋಗಿದ್ದ. ಆಗ ಸಂಪದಾ ಇನ್ನೂ ಬಂದಿರಲಿಲ್ಲ. ಹೀಗಾಗಿ ಅಕ್ಕನ ಮನೆಯ ಮೇಲೆ ಅವನಿಗೆ ಅನುಮಾನ ಉಳಿದಿರಲಿಲ್ಲ.

ಮನೆಯಲ್ಲಿ ಮೂವರೂ ಹುಷಾರಾಗಿದ್ದರು. ಕಿಟಕಿಯ ಪರದೆ, ಹಿತ್ತಲಲ್ಲಿ ಒಣಹಾಕುವ ಬಟ್ಟೆ, ಹಾಲಿನವನು ಬಂದಾಗ ಒಳಗೆ ಸರಿಯುವುದು, ಎಲ್ಲವನ್ನೂ ಯೋಚಿಸಿದ್ದರು. ಯೋಚಿಸದೆ ಬಿಟ್ಟಿದ್ದು ಒಂದನ್ನೇ. ಫಕೀರವ್ವ ಗದಗಿನಿಂದ ಬರುವಾಗ ತನ್ನ ಡಬ್ಬಿಯನ್ನು ಸೀರೆಯ ಗಂಟಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಮಗ ಕೊಡಿಸಿದ ಡಬ್ಬಿ. ಅವ್ವ ಸರಸಕ್ಕನ ಜೊತೆ ನಗುತ್ತಾ ಮಾತಾಡುವುದನ್ನು ನೋಡಿ ನೀಲಗಂಗಾ ಒಳಗೊಳಗೇ ಹಿಗ್ಗಿದ್ದಳು. ತಾನು ಕಟ್ಟಿದ್ದನ್ನು ಹೆತ್ತವ್ವನೇ ಮೆಚ್ಚಿದರೆ ಯಾರಿಗೆ ಸಂತೋಷವಾಗುವುದಿಲ್ಲ? ಆ ಹಿಗ್ಗಿನಲ್ಲಿ ಡಬ್ಬಿ ಯಾರ ಹೆಸರಿನಲ್ಲಿದೆ ಎಂಬ ವಿಚಾರ ಅವಳ ತಲೆಗೆ ಬರಲೇ ಇಲ್ಲ.

ಕಂಪನಿ ಇದ್ದದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಮಧ್ಯಾಹ್ನ ತಡವಾಗಿ ಊಟ ಮುಗಿಸಿ ನೀಲಗಂಗಾ ನಿಯಂತ್ರಣ ಕೋಣೆಗೆ ಬಂದಾಗ ಯಜಮಾನ ಮಹಾಂತೇಶ ಹೊಂಬಳ ಭಾರೀ ಖುಷಿಯಲ್ಲಿದ್ದ. ಗೋಡೆಯ ತುಂಬ ಸಲುಗೆಯ ಗೆರೆಗಳು ಏರುತ್ತ ಇಳಿಯುತ್ತ ಇದ್ದವು.

"ಬರ್ರಿ ಮೇಡಂ, ಹೊಸಾದು ಒಂದು ತೋರಸ್ತೀನಿ. 'ಮನೆಸುದ್ದಿ' ಅಂತ. ಡಬ್ಬಿ ಕೊಡಿಸಿದ ಮಕ್ಕಳು ತಮ್ಮ ಚಿಂತಿ ಏನೈತಿ ಅದನ್ನ ಸರಸಕ್ಕನ ಕಿವಿಗೆ ಹಾಕಬಹುದು. ಅವ್ವ ಗುಳಗಿ ತಗೊಳ್ತಾಳೋ ಇಲ್ಲೋ, ಅಪ್ಪ ಮತ್ತ ಕುಡ್ಯಾಕ ಹತ್ತ್ಯಾನೋ. ಸರಸಕ್ಕ ಅದಕ್ಕ ತಕ್ಕಂಗ ಮಾತು ತಗದು, ತಿಳಕೊಂಡು, ಸಂಜಿ ದೀಪ ಹಚ್ಚೂ ಹೊತ್ತಿಗೆ ಮಕ್ಕಳಿಗೆ ಸುದ್ದಿ ಮುಟ್ಟಸ್ತಾಳ. ನೋಡ್ರಿ, ಗದಗಿನ ಗಿರಾಕಿ ಒಬ್ಬರ ಚಿಂತಿ ಇವತ್ತ ಹೆಂಗ ಅರ್ಧಕ್ಕ ಬಂದೈತಿ!"

ಅವನು ಗೋಡೆಯ ಮೇಲಿನ ಒಂದು ಗೆರೆಯನ್ನು ಮುಟ್ಟಿದ. ಆ ಮನೆಯ ಬೆಳಗಿನ ಮಾತು ಮತ್ತೆ ಕೇಳಿಸತೊಡಗಿತು. ಗುರುತು ಸಿಗಬಾರದೆಂದು ಎಲ್ಲ ಮನೆಯವರ ಮಾತನ್ನೂ ಅಲ್ಲಿ ಒಂದೇ ಬೋಳು ದನಿಯಲ್ಲಿ ಕೇಳಿಸುತ್ತಿದ್ದರು. ಸರಸಕ್ಕನ ದನಿ ಮಾತ್ರ ಸರಸಕ್ಕನದೇ.

"ಒಲಿ ಮುಂದ ನಿಂತರ ಕೈ ಓಡವಲ್ದವ್ವಾ ಇವತ್ತ," ಎಂದಳು ಸರಸಕ್ಕ. "ನನ್ನ ಮಗಳು ಮನಿ ಬಿಟ್ಟು ಹೋಗಿ ಬಾಳ ದಿನ ಆತು. ಎಲ್ಲಿ ಅದಾಳೋ, ಹೆಂಗ ಅದಾಳೋ. ಯಾರ ಮುಂದ ಹೇಳಲಿ."

"ಅಯ್ಯ ಸರಸಕ್ಕಾ, ಅಳಬ್ಯಾಡ," ಎಂದಿತು ಬೋಳು ದನಿ. "ಒಂಚೂರು ಬೆಲ್ಲ ಬಾಯಿಗಿ ಹಾಕ್ಕೊಂಡು ನೀರು ಕುಡಿ, ಎದಿ ತಣ್ಣಗ ಆಕ್ಕೈತಿ. ನಾನೂ ಈಗ ಕಣ್ಣಿಗೆ ಹನಿ ಹಾಕ್ಕೊಂಡು ಕುಂತೀನಿ, ಇಲ್ಲಂದ್ರ ನಿನ್ನ ಕೂಡ ನಾನೂ ಅಳತಿದ್ದೆ. ಒಂದು ಹೇಳ್ತೀನಿ ಕೇಳ. ಇದು ನಮ್ಮಿಬ್ಬರೊಳಗ ಇರಲಿ ಮತ್ತ."

ಕಟ್ಟನೆ ಬೀಗ ಬಿತ್ತು. ಮುಂದೆ ಏನೂ ಕೇಳಿಸಲಿಲ್ಲ. ಆದರೆ ಸಲುಗೆಯ ಗೆರೆ ನೆಟ್ಟಗೆ ಮೇಲೇರಿತು. ಅದರ ಕೆಳಗೆ ಅಕ್ಷರ ಮೂಡಿದವು. 'ಅಜ್ಜಿಗೆ ಮೊಮ್ಮಗಳ ಸುದ್ದಿ ಗೊತ್ತಿದೆ. ಮೊಮ್ಮಗಳು ಆರೋಗ್ಯವಾಗಿದ್ದಾಳೆ. ಎಲ್ಲಿ ಎಂಬುದು ಇನ್ನೂ ಖಾತ್ರಿಯಿಲ್ಲ. ಖಾತ್ರಿಯಾದ ಮೇಲೆಯೇ ಸುದ್ದಿ ಮುಟ್ಟಿಸುವುದು. ನಡುವೆ ಕುಕ್ಕರ್ ಕೂಗಿ ಮಾತು ನಿಂತಿದೆ. ಚಹಾದ ಹೊತ್ತಿಗೆ ಮುಂದುವರಿಸುವುದು.'

ನೀಲಗಂಗಾ ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಅಳುವವರಿಗೆಲ್ಲ ಬೆಲ್ಲ ನೀರು ಹೇಳುವ, ಕಣ್ಣಿಗೆ ಹನಿ ಹಾಕಿಕೊಂಡು ಕೂತ ಮುದುಕಿಯರು ಜಿಲ್ಲೆಯಲ್ಲಿ ನೂರು ಮಂದಿ ಇರಬಹುದು. ಗದಗಿನಲ್ಲಿ ಮಗನಿರುವ, ಮನೆಬಿಟ್ಟ ಮೊಮ್ಮಗಳಿರುವ ಮುದುಕಿ ಮಾತ್ರ ತನ್ನ ಅವ್ವನೇ. ಅಯ್ಯೋ ಅವ್ವಾ! ಮಗನ ಎದುರು ತುಟಿ ಪಿಟಕ್ಕೆನ್ನದವಳು, ಇಲ್ಲದ ಸರಸಕ್ಕನ ಇಲ್ಲದ ಮಗಳಿಗಾಗಿ ಕರುಳು ಕರಗಿಸಿಕೊಂಡು, ಸಮಾಧಾನ ಮಾಡಲು ಹೋಗಿ ತನ್ನ ಮೊಮ್ಮಗಳನ್ನು ಹೇಳಿಬಿಟ್ಟಿದ್ದಳು.

"ಬೀಗ ಹಾಕಿದ ಮಾತು ಅಳಿಸ್ತೀವಿ ಅಂತ ಜನರಿಗೆ ಮಾತು ಕೊಟ್ಟೀವಿ," ಎಂದಳು ನೀಲಗಂಗಾ.

"ಅಳಿಸೀವಲ್ರಿ! ಒಂದು ಅಕ್ಷರ ಉಳಿಸಿಲ್ಲ. ತಿಳದದ್ದನ್ನ ಹೆಂಗ ಅಳಸೂದು ಹೇಳ್ರಿ?" ಮಹಾಂತೇಶ ನಕ್ಕ. "ಜನ ಬೀಗ ಹಾಕೂದು ಖರೇ ಮಾತಿಗೆ ಅಂತ ನೀವ ತೋರಿಸಿಕೊಟ್ಟೀರಿ. ಬೀಗ ಬಿದ್ದಲ್ಲೇ ಹೆಚ್ಚು ಲಕ್ಷ್ಯ ಕೊಡು ಅಂತ ಯಂತ್ರಕ್ಕ ನಾವು ಹೇಳೇವಿ, ಅಷ್ಟ."

"ಈ ಹುಡುಗಿ ಮನಿ ಬಿಟ್ಟು ಯಾಕ ಹೋಗ್ಯಾಳೋ ಏನೋ. ಈ ಸುದ್ದಿ ಮುಟ್ಟಿಸಿದ ಮ್ಯಾಲೆ ಆಕಿಗೆ ಏನರ ಆದ್ರ?"

"ಹೆತ್ತ ಅಪ್ಪ ಕೇಳಾಕತ್ತಾನ ಮೇಡಂ. ಅಪ್ಪಗ ಮಗಳು ಎಲ್ಲಿ ಅದಾಳ ಅಂತ ಹೇಳೂದು ಪುಣ್ಯದ ಕೆಲಸ ಅಲ್ಲೇನ್ರಿ?" ಅವನು ಅವಳ ಮುಖವನ್ನೇ ನೋಡಿದ. "ಯಾಕ್ರಿ, ನಿಮಗ ಗೊತ್ತಿದ್ದವರೇನು?"

ನೀಲಗಂಗಾ ನಾಲಿಗೆ ಕಚ್ಚಿಕೊಂಡಳು. ಇವರು ನಮ್ಮ ಅವ್ವ ಎಂದರೆ ಮುಗಿಯಿತು, ಮೊಮ್ಮಗಳು ಎಲ್ಲಿದ್ದಾಳೆಂದು ತಾನೇ ಸಾರಿದಂತೆ. ಗೊತ್ತಿಲ್ಲ ಎಂದು ತಲೆಯಾಡಿಸಿ ಹೊರಗೆ ಬಂದಳು. ಮೆಟ್ಟಿಲ ಬಳಿ ನಿಂತು ಮನೆಗೆ ಫೋನ್ ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದಳು. ನಂದು ಬಂದರೂ ಎತ್ತಬ್ಯಾಡ ಎಂದು ಹೇಳಿದವಳು ತಾನೇ ಅಲ್ಲವೇ! ಹೇಳಿದ ಮಾತನ್ನು ಎಂದೂ ಕೇಳದ ಅವ್ವ ಇವತ್ತೇ ಕೇಳಬೇಕೇ?

ಆಗಲೇ ಮೂರು ದಾಟಿ ಹೋಗಿತ್ತು. ನಾಲ್ಕಕ್ಕೆ ಫಕೀರವ್ವ ಚಹಾಕ್ಕಿಡುತ್ತಾಳೆ. ಚಹಾ ಸೋಸಿಕೊಂಡು ಡಬ್ಬಿಯ ಎದುರಿಗೇ ಕೂರುತ್ತಾಳೆ. ಈಗ ಹೊರಟರೂ ಬಸ್ಸು ಧಾರವಾಡ ಮುಟ್ಟುವಷ್ಟರಲ್ಲಿ ಚಹಾ ಕುಡಿದು ಮುಗಿದಿರುತ್ತದೆ. ಸಂಜೆ ದೀಪದ ಹೊತ್ತಿಗೆ ಚನ್ನವೀರನ ಫೋನಿಗೆ ಒಂದು ಸಾಲು ಹೋಗುತ್ತದೆ. ಆಮೇಲೆ ಆ ಹುಡುಗ ಉಳಿಯುವುದಿಲ್ಲ.

ನೀಲಗಂಗಾ ತನ್ನ ಮೇಜಿಗೆ ಬಂದು ಕೂತಳು. ಸುದ್ದಿಯನ್ನು ತಡೆಯುವ ಅಧಿಕಾರ ಅವಳಿಗಿರಲಿಲ್ಲ. ಡಬ್ಬಿ ಬಂದ್ ಮಾಡುವ ಅಧಿಕಾರವೂ ಇರಲಿಲ್ಲ. ಅವಳ ಕೈಯಲ್ಲಿದ್ದದ್ದು ಸರಸಕ್ಕನ ಮಾತು ಒಂದೇ. ಅದನ್ನು ಒಂದು ಮನೆಗಷ್ಟೇ ಬದಲಿಸಲು ಬರುವುದಿಲ್ಲ. ತಿದ್ದಿದರೆ ಎಲ್ಲ ಮನೆಗೂ ಹೋಗುತ್ತದೆ. ವರ್ಷಗಟ್ಟಲೆ ನಾಜೂಕಾಗಿ ಕಟ್ಟಿದ್ದರ ಮೇಲೆ ಕಲ್ಲು ಹಾಕಬೇಕಿತ್ತು. ಕೈ ಒಂದು ಗಳಿಗೆ ನಿಂತಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳು ಟೈಪು ಮಾಡಿದಳು. ನಿನ್ನ ಕಷ್ಟ ಹೇಳಿಕೊಳ್ಳಬೇಡ. ತಿಳಿಯಬೇಕಾದ್ದನ್ನು ನೇರವಾಗಿ ಕೇಳು. ಮೊದಲನೇ ಮಾತಿಗೇ ಕೇಳು.

ನಿಯಂತ್ರಣ ಕೋಣೆಗೆ ಅವಳು ಮರಳಿ ಬರುವಷ್ಟರಲ್ಲಿ ಗೋಡೆಯ ಮೇಲೆ ಗದ್ದಲವೆದ್ದಿತ್ತು. ಹಾವೇರಿಯ ಯಾವುದೋ ಮನೆಯಲ್ಲಿ ಸರಸಕ್ಕ, "ನಿಮ್ಮ ಸೊಸಿ ಮ್ಯಾಲೆ ನಿಮಗ ಯಾಕ ಸಿಟ್ಟು?" ಎಂದು ಕೇಳಿ ಉಗಿಸಿಕೊಂಡಿದ್ದಳು. ನವಲಗುಂದದಲ್ಲಿ, "ಗಂಡಗ ಹೇಳದ ಯಾವ ಡಾಕ್ಟರ ಹತ್ರ ಹೋಗಿದ್ರಿ?" ಎಂದಿದ್ದಳು. ಜನ ಕಕ್ಕಾಬಿಕ್ಕಿಯಾಗಿದ್ದರು. ಒಂದೊಂದೇ ಗೆರೆ ಕೆಳಗೆ ಬೀಳುತ್ತಿತ್ತು, ಕೆಲವು ಆರಿಯೇ ಹೋಗುತ್ತಿದ್ದವು. ಮಹಾಂತೇಶ ಮೂರು ಫೋನು ಒಟ್ಟಿಗೆ ಹಿಡಿದು ಕೂಗಾಡುತ್ತಿದ್ದ.

ನೀಲಗಂಗಾ ಒಂದೇ ಗೆರೆಯನ್ನು ನೋಡುತ್ತ ನಿಂತಳು. ಅದು ಅಲ್ಲಾಡಿತು. ಅವ್ವ ಚಹಾ ಹಿಡಿದುಕೊಂಡು ಬಂದು ಕೂತಳು ಎಂದು ಅರ್ಥ.

"ನಿಮ್ಮ ಮೊಮ್ಮಗಳು ಈಗ ಎಲ್ಲಿ ಅದಾಳ?" ಎಂದು ಕೇಳಿದಳು ಸರಸಕ್ಕ.

ಗೆರೆ ಬೀಳಲಿಲ್ಲ. ಬೆಳಗಿನಿಂದ ಅಷ್ಟು ಎತ್ತರದಲ್ಲಿದ್ದ ಸಲುಗೆ ಒಂದೇ ಮಾತಿಗೆ ಇಳಿಯುವುದು ಕಷ್ಟ ಎಂದು ನೀಲಗಂಗಾಗೆ ಗೊತ್ತಿತ್ತು. ಅವ್ವ ಪಾಪ, ಅಳುತ್ತಿದ್ದವಳು ಕೇಳುತ್ತಿದ್ದಾಳೆಂದು ಹೇಳಿಯೇಬಿಟ್ಟರೆ? ಬೋಳು ದನಿ ಒಮ್ಮೆ ಕೆಮ್ಮಿತು.

"ಅದನ್ನ ತಗೊಂಡು ನೀ ಏನ್ ಮಾಡ್ತೀಯವಾ?" ಎಂದಿತು. "ಬೆಳಿಗ್ಗೆ ಮಗಳು ಮಗಳು ಅಂತ ಅಳತಿದ್ದಿ. ಈಗ ಆಕಿ ಸುದ್ದಿನ ಇಲ್ಲ. ನನ್ನ ಮೊಮ್ಮಗಳ ಗೊಡವಿ ನಿನಗ್ಯಾಕ?"

ಆಮೇಲೆ ಏನೋ ಗುಳಕ್ಕೆಂದಿತು. ಗೆರೆ ಆರಿತು.

ನೀಲಗಂಗಾ ಗೋಡೆ ಹಿಡಿದು ನಿಂತುಕೊಂಡಳು. ನಗು ಬರುತ್ತಿತ್ತು. ಮಹಾಂತೇಶನಿಗೆ ಅಷ್ಟರಲ್ಲಿ ಯಾರ ಕೈವಾಡ ಎಂಬುದು ಗೊತ್ತಾಗಿತ್ತು. "ಏನ್ ಮಾಡಿಬಿಟ್ರಿ ಮೇಡಂ! ಇನ್ನ ಯಾರರ ಆಕಿ ಮುಂದ ಬಾಯಿ ಬಿಡ್ತಾರೇನ್ರಿ?" ಎಂದು ತಲೆ ಹಿಡಿದುಕೊಂಡ. ಕುತ್ತಿಗೆಯ ಗುರುತಿನ ಚೀಟಿಯನ್ನು ತೆಗೆದು ಅವನ ಎದುರಿಗಿಟ್ಟು ಅವಳು ಕೆಳಗಿಳಿದಳು. ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ಹತ್ತಿದಳು.

ಮನೆಯ ಬಾಗಿಲು ತೆರೆದ ಕೂಡಲೇ ಫಕೀರವ್ವ ಶುರು ಮಾಡಿದಳು. ಡಬ್ಬಿ ಬಚ್ಚಲುಮನೆಯ ಬಕೀಟಿನ ತಳದಲ್ಲಿತ್ತು.

"ಏನ್ ಹೆಣ್ಣಬೇ ಆಕಿ! ಎಷ್ಟು ದಿನದಿಂದ ಅಕ್ಕಾ ಅಕ್ಕಾ ಅಂತ ಮಾತಾಡಿಸಿದ್ದೆ. ಪೊಲೀಸರು ಕೇಳಿದಂಗ ಕೇಳತಾಳ. ನೀರಾಗ ಮುಳುಗಿಸಿಬಿಟ್ಟೆ."

"ಛಲೋ ಮಾಡಿದಿ ಅವ್ವಾ," ಎಂದು ನೀಲಗಂಗಾ ಅವ್ವನ ಎರಡೂ ಕೈ ಹಿಡಿದುಕೊಂಡಳು. ಬೆಳಿಗ್ಗೆ ಬಾಯಿ ಜಾರಿದ್ದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಲು ತನಗೆ ಯಾವ ಮುಖವಿದೆ? ಆ ಕಟ್ಟುಕತೆಗಳನ್ನೆಲ್ಲ ಸರಸಕ್ಕನಿಗೆ ಕಲಿಸಿಕೊಟ್ಟವಳು ತಾನು.

ಹುಡುಗಿ ಮಧ್ಯಾಹ್ನ ಊಟ ಮಾಡಿರಲಿಲ್ಲ. ಫೋನು ಮೇಲಿಂದ ಮೇಲೆ ರಿಂಗಾದದ್ದಕ್ಕೆ ಹೆದರಿ ಒಳಗೇ ಮುದುಡಿ ಕೂತಿದ್ದಳು. ಈಗ ಅತ್ತೆ ಬಂದ ಮೇಲೆ ಧೈರ್ಯ ಬಂದು ರೊಟ್ಟಿ, ಹೆಸರುಕಾಳು ಪಲ್ಯೆ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಳು. ಎರಡು ರೊಟ್ಟಿ ತಿಂದವಳು ಮೂರನೆಯದನ್ನೂ ಬೇಡ ಅನ್ನಲಿಲ್ಲ. ಅವಳು ಉಣ್ಣುವುದನ್ನು ನೋಡುತ್ತ ಕೂತ ನೀಲಗಂಗಾಗೆ ಬೆಳಗಿನಿಂದ ಮೊದಲ ಸಲ ನೆಮ್ಮದಿಯೆನಿಸಿತು. ಫಕೀರವ್ವ ಆಕೆಯ ಬೆನ್ನು ಸವರುತ್ತ ಯಮನೂರನ ಕಾಲಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳುತ್ತಿದ್ದಳು. ಸಂಪದಾ ಕೈ ತೊಳೆಯಲು ಎದ್ದಳು.

ಆಗ ನೀಲಗಂಗಾಳ ಫೋನು ಗುಂಯ್‌ಗುಟ್ಟಿತು. ಚನ್ನವೀರ.

ಎತ್ತದಿದ್ದರೆ ಅನುಮಾನ ಬರುತ್ತದೆ. ಅವಳು ಸಂಪದಾಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿ ಹೊರಗಿನ ಕೋಣೆಗೆ ಬಂದಳು.

"ಅಕ್ಕಾ, ಅವ್ವ ಆರಾಮ ಅದಾಳಿಲ್ಲ?" ಎಂದ ಚನ್ನವೀರ. "ಡಬ್ಬಿ ಬಂದ್ ಆಗೇತಂತ ನನ್ನ ಫೋನಿಗೆ ಸುದ್ದಿ ಬಂತು. ಅವ್ವಗ ಹಚ್ಚಿದ್ರ ಎತ್ತವಲ್ಲಳು."

"ಆರಾಮ ಅದಾಳೋ. ಡಬ್ಬಿ ನೀರಾಗ ಬಿತ್ತು, ಅಷ್ಟ."

"ಹೂಂ."

ಅವನು ಫೋನು ಇಡಲಿಲ್ಲ. ಈಗ ಕೇಳುತ್ತಾನೆ ಎಂದು ನೀಲಗಂಗಾ ಗಟ್ಟಿಯಾಗಿ ನಿಂತಳು. ಸಂಪದಾ ಎಲ್ಲಿ ಅಂದರೆ ಏನು ಹೇಳಬೇಕು, ಆಣೆ ಹಾಕು ಅಂದರೆ ಏನು ಹೇಳಬೇಕು, ಎಲ್ಲ ಉತ್ತರವೂ ನಾಲಿಗೆಯ ತುದಿಯಲ್ಲಿತ್ತು. ಅವನು ಕೇಳಲಿಲ್ಲ.

"ನಾ ಹುಬ್ಬಳ್ಳ್ಯಾಗ ಅದೀನಿ ಅಕ್ಕಾ," ಎಂದ. "ಖಾನಾವಳ್ಯಾಗ ಉಣ್ಣಾಕ ಕುಂತಿದ್ದೆ. ತಾಟಿನ್ಯಾಗ ಎಣ್ಣಗಾಯಿ ಬಡಿಸಿದ್ರು. ಆಕಿಗೆ ಎಣ್ಣಗಾಯಿ ಅಂದ್ರ ಎಷ್ಟು ಜೀವ ಅಂತ ನಿನಗೂ ಗೊತ್ತೈತಲ್ಲ. ಒಂದು ತುತ್ತು ಬಾಯಿಗಿ ಹಾಕಾಕ ಆಗಲಿಲ್ಲ. ಎದ್ದ ಬಂದೆ."

ನೀಲಗಂಗಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಆ ಹುಡುಗನ ಕಾಲು ಮುರೀರಿ ಅಂತ ನಾ ಹೇಳಿಲ್ಲಕ್ಕಾ. ಬ್ಯಾಡ ಅಂತನೂ ಹೇಳಲಿಲ್ಲ. ಸುಮ್ನ ಕುಂತೆ. ಅದನ್ನ ಯಾರ ಮುಂದ ಹೇಳಲಿ? ಮನ್ಯಾಗ ಅತ್ತರ ಅವರಣ್ಣಗೋಳು ನಗತಾರ." ಅವನ ದನಿ ಒಡೆಯಿತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಕ್ಕನ ಸೊಂಟಕ್ಕೆ ಜೋತುಬಿದ್ದು ಅಳುತ್ತಿದ್ದನಲ್ಲ, ಅದೇ ಬಿಕ್ಕು. "ಇಷ್ಟು ದಿನ ಆತು. ನನ್ನ ಮಗಳು ಉಂಡಾಳೋ ಇಲ್ಲೋ ಅನ್ನೂದು ಸೈತ ನನಗ ಗೊತ್ತಿಲ್ಲ ನೋಡಕ್ಕಾ."

ನೀಲಗಂಗಾಳ ಉಸಿರು ಒಂದು ಗಳಿಗೆ ಹಿಡಿಯಿತು. ಆ ಜಾಗ ಯಾವುದೆಂದು ಅವಳಿಗೆ ಗೊತ್ತಿತ್ತು. ಲೋಕಕ್ಕೆಲ್ಲ ತೋರಿಸಿಕೊಟ್ಟವಳು ಅವಳೇ. ಗೊತ್ತಿದ್ದೂ ಏನಾಯಿತು? ಎತ್ತಿ ಆಡಿಸಿದ ತಮ್ಮ ಅಳುತ್ತಿದ್ದ.

"ಅಳಬ್ಯಾಡೋ ಚನ್ನೂ," ಎಂದಳು. "ಉಂಡಾಳ ತಗೋ. ಈಗಷ್ಟ ಉಂಡಳು."

ಮಾತು ಹೊರಬಿದ್ದ ಮೇಲೆ ಅದು ಅವಳಿಗೇ ಕೇಳಿಸಿತು.

ಅತ್ತ ಅಳು ನಿಂತಿತು. ಅವನು ನಾಟಕ ಮಾಡಿದ್ದನೇ? ಇಲ್ಲ. ಅಳುವವರ ದನಿಯನ್ನು ಅಳೆದು ತೂಗಿ ಜೀವ ಸವೆಸಿದವಳು ನೀಲಗಂಗಾ. ಅದು ಖರೇ ಅಳು. ಖರೇ ಆಗಿದ್ದರಿಂದಲೇ ಅವಳು ಜಾರಿದ್ದು.

"ನಿನ್ನ ಮನ್ಯಾಗ ಅದಾಳ," ಎಂದ ಚನ್ನವೀರ, ಮೆಲ್ಲಗೆ.

ಅವನ ಹಿಂದಿನಿಂದ ಅವನ ಹೆಂಡತಿಯ ಅಣ್ಣನೊಬ್ಬನ ದನಿ ಬಂತು. "ಎಲ್ಲಿ ಅಂತ? ಏ ಮಾವಾ, ಎಲ್ಲಿ ಅಂತ ಹೇಳಿದ್ಲು?" ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಫೋನು ಕಟ್ಟಾಯಿತು.

ನೀಲಗಂಗಾ ತಿರುಗಿದಾಗ ಸಂಪದಾ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಚೀಲ ಮೊದಲಿನಿಂದಲೂ ಕಟ್ಟಿಯೇ ಇತ್ತು.

ಫಕೀರವ್ವ ಮೊದಲು ಮಗಳ ಮುಖ ನೋಡಿದಳು, ಆಮೇಲೆ ಮೊಮ್ಮಗಳ ಮುಖ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ತನ್ನ ಹೊದಿಕೆಯನ್ನು ತೆಗೆದು ಹುಡುಗಿಯ ತಲೆಯ ಮೇಲೆ ಹೊದಿಸಿದಳು. "ಹಿತ್ತಲ ಬಾಗಿಲಿಂದ ಹೋಗವ್ವಾ. ಹೊಳ್ಳಿ ನೋಡಬ್ಯಾಡ," ಎಂದಳು. ಆಮೇಲೆ ಕುರ್ಚಿಯನ್ನು ದರದರನೆ ಎಳೆದುಕೊಂಡು ಹೋಗಿ ಮುಂಬಾಗಿಲ ಹೊಸ್ತಿಲಿಗೆ ಅಡ್ಡ ಇಟ್ಟು ಕೂತಳು. "ನಾ ಹಡದ ಮಗ ನನ್ನ ದಾಟಿ ಒಳಗ ಬರಲಿ, ನೋಡೇಬಿಡೂನು."

ನೀಲಗಂಗಾ ಹಿತ್ತಲ ಓಣಿಯವರೆಗೆ ಹುಡುಗಿಯ ಹಿಂದೆಯೇ ಓಡಿದಳು. ಓಣಿಯ ಬಾಯಲ್ಲಿ ಆಟೊ ಸಿಕ್ಕಿತು. ಸಂಪದಾ ಚೀಲ ಒಳಗೆಸೆದು ಹತ್ತಿದಳು. ನೀಲಗಂಗಾ ಅವಳ ಕೈ ಹಿಡಿದುಕೊಂಡಳು.

"ತಪ್ಪಾತವ್ವಾ. ನನ್ನ ಬಾಯಿಗೆ ಏನಾತೋ ಏನೋ. ಎಲ್ಲಿಗಿ ಹೊಂಟೀ, ಅಷ್ಟು ಹೇಳಿ ಹೋಗ. ನನಗೊಬ್ಬಾಕಿಗೆ ಹೇಳ. ಯಾರ ಮುಂದೂ ನಾ..."

ಸಂಪದಾ ಅತ್ತೆಯನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಬ್ಯಾಡತ್ತಿ," ಎಂದು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಅಪ್ಪ ಮತ್ತ ಅತ್ತರ ನೀವು ಹೇಳಿಬಿಡ್ತೀರಿ."

ಆಟೊ ಹೊರಟಿತು. ಅದು ಯಾವ ಕಡೆಗೆ ತಿರುಗುತ್ತದೆಂದು ಕಾಣದಿರಲೆಂದು ನೀಲಗಂಗಾ ಗೋಡೆಯ ಕಡೆಗೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಳು.